ನೊಣ ಇಳಿದದ್ದು ಹೊಗೆಯಿಂದಲೋ, ತಾನಾಗಿಯೋ?

ಮಾನ್ಯ ಸಂಪಾದಕರೇ,

ಮಳೆ ಹಿಡಿದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸ್ಥಳೀಯ ಪುಟಗಳಲ್ಲಿ ಎರಡು ಸುದ್ದಿ ಬೆನ್ನುಬೆನ್ನಿಗೆ ಬರುತ್ತವೆ. ಮಾಂಸದಂಗಡಿಗಳ ಸಾಲಿನಲ್ಲಿ, ಗಟಾರದ ದಂಡೆಯಲ್ಲಿ ನೊಣದ ಹಾವಳಿ ಎಂಬುದು ಮೊದಲನೆಯದು. ಎಂಟು ದಿನ ಬಿಟ್ಟು, ಕೀಟನಾಶಕದ ಹೊಗೆ ಹಾಕಿಸಿದ ಮೇಲೆ ಹಾವಳಿ ಇಳಿದಿದೆ ಎಂಬುದು ಎರಡನೆಯದು. ಎರಡೂ ಸುದ್ದಿ ನಿಜವೇ ಇರಬಹುದು. ಆದರೆ ಎರಡನೆಯದರಲ್ಲಿರುವ ‘ಮೇಲೆ’ ಎಂಬ ಪದವನ್ನು ಓದುಗರು ‘ಅದರಿಂದಾಗಿ’ ಎಂದು ಓದಿಕೊಳ್ಳುತ್ತಾರೆ. ನೊಣದ ವಿಷಯದಲ್ಲಿ ಇದು ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಇರುವ ಸಂಬಂಧವಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ತೋರಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ, ಎಕ್ಸೆಲ್‌ನ ಒಂದು ಹಾಳೆ ಸಾಕು. ಆ ಹಾಳೆಯ ಲೆಕ್ಕವನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ಇಲ್ಲಿ ಹೇಳುತ್ತಿರುವುದು ಮನೆಯೊಳಗಿನ ಬೂದು ನೊಣದ ಮಾತಲ್ಲ. ಸತ್ತ ಪ್ರಾಣಿ, ಕೋಳಿಯ ಕರುಳು, ಕೊಳೆತ ಮೀನು, ಕುರಿಯ ಗಾಯ ಇವುಗಳ ಮೇಲೆ ಕೂರುವ, ಹಸಿರು ಇಲ್ಲವೇ ನೀಲಿಯಾಗಿ ಲೋಹದಂತೆ ಹೊಳೆಯುವ ದಪ್ಪ ನೊಣದ ಮಾತು. ಈ ಗುಂಪಿನ ಒಂದು ಜಾತಿ, ಲ್ಯುಸಿಲಿಯಾ ಕುಪ್ರಿನಾ, ಆಸ್ಟ್ರೇಲಿಯಾದ ಉಣ್ಣೆ ಕುರಿಗಳಿಗೆ ದೊಡ್ಡ ಪೀಡೆ. ಆ ಕಾರಣಕ್ಕೇ ಕ್ಯಾನ್‌ಬೆರಾದಲ್ಲಿ ಎ. ಜೆ. ನಿಕೊಲ್ಸನ್ ಎಂಬ ಕೀಟಶಾಸ್ತ್ರಜ್ಞ 1950ರ ದಶಕದಲ್ಲಿ ಅದನ್ನು ಪಂಜರದಲ್ಲಿ ಸಾಕಿ, ವರ್ಷಗಟ್ಟಲೆ ಎಣಿಸಿದ. ಪ್ರಾಣಿಸಂಖ್ಯೆಯ ಗಣಿತ ಓದಿದವರೆಲ್ಲ ಒಂದಲ್ಲ ಒಂದು ಸಲ ಹಾದುಹೋಗುವ ಪ್ರಯೋಗ ಅದು.

ಪಂಜರದ ವ್ಯವಸ್ಥೆ ಸರಳ. ತತ್ತಿಯೊಡೆದು ಬರುವ ಮರಿಹುಳಗಳಿಗೆ ಬೇಕಾದಷ್ಟು ಆಹಾರ. ರೆಕ್ಕೆ ಬಂದ ನೊಣಗಳಿಗೆ ಸಕ್ಕರೆ, ನೀರು ಬೇಕಾದಷ್ಟು, ಆದರೆ ಅರೆದ ಲಿವರ್ ಮಾತ್ರ ದಿನಕ್ಕೆ ಅರ್ಧ ಗ್ರಾಂ. ಸಕ್ಕರೆ ನೀರಿನ ಮೇಲೆ ನೊಣ ಬದುಕುತ್ತದೆ, ಆದರೆ ತತ್ತಿ ಕಟ್ಟಲು ಹೆಣ್ಣು ನೊಣಕ್ಕೆ ಪ್ರೋಟೀನು ಬೇಕೇ ಬೇಕು. ಹೊರಗಿನ ಹವೆ, ಮಳೆ, ಶತ್ರು ಯಾವುದೂ ಒಳಗಿಲ್ಲ. ಹೀಗಿದ್ದರೆ ಸಂಖ್ಯೆ ಒಂದು ಮಟ್ಟಕ್ಕೆ ಬಂದು ನಿಲ್ಲಬೇಕು ಎಂದು ಯಾರಾದರೂ ಎಣಿಸುತ್ತಾರೆ. ನಿಲ್ಲಲಿಲ್ಲ. ಹಲವು ಸಾವಿರಕ್ಕೆ ಏರುವುದು, ಕೆಲವು ನೂರಕ್ಕೆ ಕುಸಿಯುವುದು, ಮತ್ತೆ ಏರುವುದು. ಸುಮಾರು 38 ದಿನಕ್ಕೊಂದು ಸುತ್ತು. ಹವಾಮಾನ ಬದಲಾಗಲಿಲ್ಲ, ಯಾರೂ ಔಷಧ ಹೊಡೆಯಲಿಲ್ಲ, ಆದರೂ ನೊಣ ತಾನಾಗಿ ಏರಿತು, ತಾನಾಗಿ ಇಳಿಯಿತು.

ಕಾರಣ ವಿಳಂಬದಲ್ಲಿದೆ. ನೊಣ ಸಾವಿರಾರು ಇದ್ದಾಗ ಅರ್ಧ ಗ್ರಾಂ ಲಿವರ್ ಎಲ್ಲರಿಗೂ ಹಂಚಿಹೋಗಿ, ತತ್ತಿ ಕಟ್ಟುವಷ್ಟು ಯಾವ ಹೆಣ್ಣಿಗೂ ಸಿಗುವುದಿಲ್ಲ. ಇದ್ದ ನೊಣ ವಯಸ್ಸಾಗಿ ಸಾಯುತ್ತವೆ. ಹುಟ್ಟು ನಿಂತದ್ದು ಮಾತ್ರ ಆ ದಿನ ಯಾರ ಕಣ್ಣಿಗೂ ಬೀಳದು, ಏಕೆಂದರೆ ಹಿಂದೆ ಇಟ್ಟ ತತ್ತಿಗಳು ಹುಳವಾಗಿ, ರೆಕ್ಕೆ ಮೂಡುವ ಮುಂಚಿನ ಕೋಶವಾಗಿ ಸಾಲಿನಲ್ಲಿ ಕಾದಿವೆ. ಆ ಸಾಲು ಮುಗಿದ ಮೇಲೆಯೇ ಕುಸಿತ ಕಾಣುವುದು. ಸಂಖ್ಯೆ ಕೆಲವು ನೂರಕ್ಕೆ ಬಂದಾಗ ಉಳಿದ ಹೆಣ್ಣುಗಳಿಗೆ ಹೊಟ್ಟೆ ತುಂಬ ಲಿವರ್, ತತ್ತಿಯ ಸುಗ್ಗಿ. ಆ ಸುಗ್ಗಿಯ ಫಲ ಪಂಜರದಲ್ಲಿ ಹಾರಾಡಲು ಮತ್ತೆ ಎರಡು ವಾರ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆಯನ್ನು ನೊಣಗಳೇ ಪಾಲಿಸುತ್ತವೆ. ನೊಣ ಹೆಚ್ಚಾದ ಹದಿನೈದು ದಿನದ ನಂತರ ಹುಟ್ಟು ಕಡಿಮೆಯಾಗುತ್ತದೆ, ನೊಣ ಕಡಿಮೆಯಾದ ಹದಿನೈದು ದಿನದ ನಂತರ ಹುಟ್ಟು ಹೆಚ್ಚುತ್ತದೆ.

ಇದಕ್ಕೆ ಗಣಿತ ಕಟ್ಟಿದವರು ಹಲವರು. ಪ್ರಾಣಿಸಂಖ್ಯೆಯ ಗಣಿತಜ್ಞ ರಾಬರ್ಟ್ ಮೇ 1970ರ ದಶಕದಲ್ಲಿ, ಸಂಖ್ಯೆ ಏರಿ ಒಂದು ಮಿತಿಗೆ ಬಂದು ನಿಲ್ಲುತ್ತದೆ ಎನ್ನುವ ಹಳೆಯ ಲಾಜಿಸ್ಟಿಕ್ ಸಮೀಕರಣಕ್ಕೆ 9 ದಿನದ ವಿಳಂಬ ಸೇರಿಸಿ ನೋಡಿದ. ಸುತ್ತಿನ ಅವಧಿ ಚೆನ್ನಾಗಿಯೇ ಹೊಂದಿತು. ಆದರೆ ಆ ಸಮೀಕರಣದಲ್ಲಿ ಒಂಬತ್ತು ದಿನದ ಹಿಂದಿನ ಗಿಜಿಗಿಜಿಗೆ ಇವತ್ತಿನ ನೊಣ ಸಾಯುತ್ತದೆ. ಅದು ಜೀವಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಅವಧಿ ಹೊಂದಿದ ಮಾತ್ರಕ್ಕೆ ಮಾದರಿ ಸರಿ ಎನ್ನುವ ಅವಸರಕ್ಕೆ ಇದೊಂದು ಒಳ್ಳೆಯ ಎಚ್ಚರಿಕೆ. 1980ರಲ್ಲಿ ಸ್ಕಾಟ್‌ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಗರ್ನಿ, ಬ್ಲೈತ್, ನಿಸ್ಬೆಟ್ ಮೂವರೂ ವಿಳಂಬವನ್ನು ಸಾವಿನಿಂದ ತೆಗೆದು ಹುಟ್ಟಿನ ಮೇಲೆ ಇಟ್ಟರು. ಅಷ್ಟೇ ಬದಲಾವಣೆ, ಆದರೆ ಪಂಜರದ ಚಿತ್ರ ಬಹುಪಾಲು ಹಾಗೆಯೇ ಮೂಡಿತು.

ಅವರ ಸಮೀಕರಣವನ್ನು ಕಿರಾಣಿ ಅಂಗಡಿಯ ಲೆಕ್ಕದಂತೆ ಹೇಳಬಹುದು. ನಾಳೆಯ ನೊಣ ಎಂದರೆ ಇಂದಿನ ನೊಣ, ಅದರಲ್ಲಿ ಇಂದು ಸತ್ತದ್ದನ್ನು ಕಳೆಯಿರಿ, ಇಂದು ಕೋಶ ಒಡೆದು ಬಂದದ್ದನ್ನು ಕೂಡಿಸಿ. ಸಾಯುವುದು ದಿನಕ್ಕೆ ಇದ್ದದ್ದರ ಐದರಲ್ಲೊಂದು ಪಾಲು, ಅಂದರೆ 0.2. ಇಂದು ಬರುವವು 15 ದಿನದ ಹಿಂದೆ ಇದ್ದ ನೊಣಗಳ ಮೇಲೆ ನಿಂತಿವೆ. ಹೊಟ್ಟೆ ತುಂಬಿದ್ದರೆ ಪ್ರತಿ ನೊಣದ ಲೆಕ್ಕಕ್ಕೆ ದಿನಕ್ಕೆ 10. ಗಿಜಿಗಿಜಿ ಹೆಚ್ಚಿದಂತೆ ಅದು ಘಾತೀಯವಾಗಿ ಕುಗ್ಗುತ್ತದೆ, ಕುಗ್ಗುವ ಅಳತೆಗೋಲು 600, ಅಂದರೆ 600 ನೊಣ ಹೆಚ್ಚಿದಾಗಲೆಲ್ಲ ಅದು ಸುಮಾರು 2.7 ಪಟ್ಟು ಕುಗ್ಗುತ್ತದೆ. ಇವು ಸುತ್ತುಮಾಡಿದ ಅಂಕಿಗಳು, ಆದರೆ ಮೂವರ ಅಂದಾಜಿನ ಆಸುಪಾಸಿನವೇ.

ಎಕ್ಸೆಲ್ ತೆರೆದು ಮೊದಲ ಕಾಲಂನಲ್ಲಿ ದಿನ ಬರೆಯಿರಿ, 0ಯಿಂದ 100ರ ತನಕ. ಎರಡನೆಯದರಲ್ಲಿ ನೊಣ. 0ಯಿಂದ 15ನೇ ದಿನದವರೆಗೆ ಎಲ್ಲ ಮನೆಗಳಲ್ಲೂ 500 ತುಂಬಿ. ವಿಳಂಬವಿರುವ ಸಮೀಕರಣಕ್ಕೆ ಒಂದೇ ಆರಂಭದ ಅಂಕಿ ಸಾಲದು, ಹದಿನೈದು ದಿನದ ಇತಿಹಾಸವೇ ಬೇಕು. ಹೊಸಬರು ಎಡವುವುದು ಇಲ್ಲೇ. 16ನೇ ದಿನದಿಂದ ಸೂತ್ರ: ಹಿಂದಿನ ದಿನದ ನೊಣವನ್ನು 0.8ರಿಂದ ಗುಣಿಸಿ, ಆ ಹಿಂದಿನ ದಿನಕ್ಕಿಂತ 15 ಸಾಲು ಮೇಲಿರುವ ಅಂಕಿಯನ್ನು 10ರಿಂದ ಗುಣಿಸಿ, ಅದನ್ನು ಮತ್ತೆ e ಎಂಬ ಸಂಖ್ಯೆಯ (ಸುಮಾರು 2.718) ‘ಆ 15 ಸಾಲು ಮೇಲಿನ ಅಂಕಿ ಭಾಗಿಸು 600’ರ ಋಣ ಘಾತದಿಂದ ಗುಣಿಸಿ, ಎರಡನ್ನೂ ಕೂಡಿಸಿ. ಘಾತಕ್ಕೆ ಎಕ್ಸೆಲ್‌ನ ಇ-ಎಕ್ಸ್-ಪಿ (EXP) ಸೂತ್ರವಿದೆ. ಕೆಳಗಿನ ತನಕ ಎಳೆಯಿರಿ.

ಹೊರಬರುವ ಅಂಕಿಗಳು ಹೀಗಿರುತ್ತವೆ. 31ನೇ ದಿನಕ್ಕೆ ನೊಣ ಸುಮಾರು 10,570ಕ್ಕೆ ಮುಟ್ಟುತ್ತದೆ. ಅಲ್ಲಿಂದ ಏಳನೇ ದಿನ, ಅಂದರೆ 38ಕ್ಕೆ, 2,325. ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿತ, ಯಾವ ಔಷಧವೂ ಇಲ್ಲದೆ! 51ನೇ ದಿನಕ್ಕೆ ಬರೀ 155. ಮತ್ತೆ ಏರಿ 63ಕ್ಕೆ 8,450, ಸ್ವಲ್ಪ ತಗ್ಗಿ 68ಕ್ಕೆ 7,410, ಪುನಃ 70ಕ್ಕೆ 8,490. ಶಿಖರಕ್ಕೆ ಎರಡು ತಲೆ. ಇಂಥ ಜೋಡಿ ಶಿಖರಗಳು ನಿಕೊಲ್ಸನ್‌ನ ಪಂಜರದಲ್ಲೂ ಕಂಡಿದ್ದವು, ಮಾದರಿಯ ಮೇಲೆ ನಂಬಿಕೆ ಬರಲು ಅದೂ ಒಂದು ಕಾರಣ.

ಹೊಗೆ ಯಂತ್ರ ಯಾವಾಗ ಹೊರಬೀಳುತ್ತದೆ ಯೋಚಿಸಿ. 155 ನೊಣ ಇದ್ದಾಗ ಯಾರೂ ದೂರು ಕೊಡುವುದಿಲ್ಲ. ದೂರು ಬರುವುದು ಶಿಖರದಲ್ಲಿ, ಯಂತ್ರ ಬರುವುದು ಶಿಖರದಲ್ಲಿ. ಎಂಟು ದಿನಕ್ಕೆ ಫಲಿತಾಂಶ ನೋಡಿದರೆ ಇಳಿದಿರಲೇಬೇಕು. ಹೊಗೆಯ ಬದಲು ಗಂಟೆ ಬಾರಿಸಿದ್ದರೂ ಇಳಿಯುತ್ತಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಆ ಹಾಳೆಯ ನಕಲು ಮಾಡಿ, 31ನೇ ದಿನದ ಮನೆಯಲ್ಲಿ 10,570ರ ಬದಲು ಅದರ ಐದನೇ ಒಂದು ಪಾಲು, 2,115 ಎಂದು ಕೈಯಿಂದ ಬರೆಯಿರಿ. ನೂರಕ್ಕೆ ಎಂಬತ್ತು ನೊಣ ಕೊಂದ ಅತ್ಯುತ್ತಮ ಹೊಗೆ ಎಂದುಕೊಳ್ಳೋಣ. ಮೊದಲ ಎರಡು ವಾರ ಹಾಳೆ ನೋಡಲು ಸಂತೋಷ: 46ನೇ ದಿನಕ್ಕೆ ನೂರಕ್ಕೂ ಕಡಿಮೆ. ಆಮೇಲೆ ನೋಡಿ. 51ನೇ ದಿನ ಹೊಗೆ ಹಾಕದ ಹಾಳೆಯಲ್ಲಿ 155 ನೊಣ, ಹೊಗೆ ಹಾಕಿದ ಹಾಳೆಯಲ್ಲಿ 4,200ಕ್ಕೂ ಹೆಚ್ಚು. ಮುಂದಿನ ಶಿಖರ 63ರ ಬದಲು 57ನೇ ದಿನಕ್ಕೇ ಬರುತ್ತದೆ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ.

ಯಾಕೆ ಹೀಗೆ? ಸಮೀಕರಣದ ಒಂದೇ ಪದವನ್ನು ಬಿಡಿಸಿದರೆ ಗೊತ್ತಾಗುತ್ತದೆ. 5,000 ನೊಣ ಇದ್ದರೆ ಅವುಗಳಿಂದ 15 ದಿನದ ನಂತರ ದಿನಕ್ಕೆ ಬರುವ ಹೊಸ ನೊಣ ಸುಮಾರು 12. ಸಾವಿರ ಇದ್ದರೆ 1,889. ಶಿಖರದಲ್ಲಿದ್ದ ನೊಣಗಳು ಒಂದರ ಬಾಯಿಯ ತುತ್ತು ಇನ್ನೊಂದು ಕಸಿದು, ಎಲ್ಲವೂ ಬಂಜೆಯಾಗಿದ್ದವು. ನಾವು ನಾಲ್ಕು ಪಾಲು ಕೊಂದು, ಉಳಿದ ಒಂದು ಪಾಲಿಗೆ ಪಂಕ್ತಿ ಹಾಕಿ ಬಡಿಸಿದೆವು. ಇನ್ನೊಂದು ಜೋಡಿ ಅಂಕಿ ನೋಡಿ: 50 ನೊಣದಿಂದ ದಿನಕ್ಕೆ 460 ಹೊಸವು, 2,400 ನೊಣದಿಂದ 440. ಐವತ್ತು ನೊಣವೂ ಎರಡು ಸಾವಿರದ ನಾನೂರು ನೊಣವೂ ಮುಂದಿನ ಪಾಳಿಗೆ ಒಂದೇ.

ಹಾಗಾದರೆ ತಗ್ಗಿನಲ್ಲಿದ್ದಾಗ ಹೊಡೆಯೋಣ ಎಂದು ಕೆಲವರು ಹೇಳಬಹುದು. 51ನೇ ದಿನದ 155ನ್ನು 31 ಮಾಡಿ ನೋಡಿ. ಮೂರೇ ದಿನದಲ್ಲಿ ಹಳೆಯ ದಾರಿಗೆ ಹತ್ತಿರ ಬಂದುಬಿಡುತ್ತದೆ. ಹೊಗೆ ಮುಟ್ಟುವುದು ಹಾರಾಡುವ ನೊಣವನ್ನು. ತಿಪ್ಪೆಯೊಳಗಿನ ತತ್ತಿ, ಹುಳ, ಮಣ್ಣಿನಡಿಯ ಕೋಶ ಅದಕ್ಕೆ ಸಿಗುವುದಿಲ್ಲ. ಹದಿನೈದು ದಿನದ ಸರಕು ಗೋದಾಮಿನಲ್ಲಿ ಭದ್ರವಾಗಿದೆ.

ಇದು ಹಾಳೆಯ ಮೇಲಿನ ಆಟವಷ್ಟೇ ಎನ್ನುವವರಿಗೆ ನಿಕೊಲ್ಸನ್‌ನ ಇನ್ನೊಂದು ಪ್ರಯೋಗವಿದೆ, 1954ರಲ್ಲಿ ಪ್ರಕಟವಾದದ್ದು. ಪಂಜರದಲ್ಲಿ ಕೋಶ ಒಡೆದು ಬರುವ ನೊಣಗಳಲ್ಲಿ ಒಂದು ನಿಗದಿತ ಪಾಲನ್ನು ಪ್ರತಿ ಸಲ ತಪ್ಪದೆ ಕೊಂದ. ಏನೂ ಕೊಲ್ಲದ ಪಂಜರದಲ್ಲಿ ಸರಾಸರಿ 2,520 ನೊಣ. ಅರ್ಧದಷ್ಟನ್ನು ಕೊಂದ ಪಂಜರದಲ್ಲಿ 2,335. ಅರ್ಧ ಕೊಂದರೂ ಇಳಿದದ್ದು ನೂರಕ್ಕೆ ಏಳು! ಮುಕ್ಕಾಲು ಕೊಂದಾಗ 1,588. ನೂರಕ್ಕೆ ತೊಂಬತ್ತು ಕೊಂದಾಗಲೂ 878 ಉಳಿದವು. ಕೊಂದಷ್ಟೂ ಹುಟ್ಟು ಜಾಸ್ತಿಯಾಗಿತ್ತು: ದಿನಕ್ಕೆ 624 ಕೋಶ ಆಗುತ್ತಿದ್ದ ಜಾಗದಲ್ಲಿ ಕೊನೆಯ ಪಂಜರದಲ್ಲಿ 1,361. ಉಳಿದ ನೊಣದ ಸರಾಸರಿ ಆಯುಷ್ಯವೂ 4.4 ದಿನದಿಂದ 7ಕ್ಕೆ ಏರಿತ್ತು. ಬಾಯಿ ಕಡಿಮೆಯಾದರೆ ಪ್ರತಿ ಬಾಯಿಗೂ ತುತ್ತು ದೊಡ್ಡದು. ನೂರಕ್ಕೆ ತೊಂಬತ್ತನ್ನು ದಿನವೂ ತಪ್ಪದೆ ಕೊಲ್ಲುವುದು ಮುಚ್ಚಿದ ಪಂಜರದಲ್ಲೇ ಸಾಧ್ಯ. ತಿಂಗಳಿಗೊಮ್ಮೆ ಓಣಿಯಲ್ಲಿ ಹಾದುಹೋಗುವ ಯಂತ್ರದಿಂದ ಅದರ ಹತ್ತಿರವೂ ಹೋಗಲಾಗದು.

ಇನ್ನು ನಿಜಕ್ಕೂ ಸಂಖ್ಯೆ ಇಳಿಯುವುದು ಯಾವುದರಿಂದ ಎಂಬ ಪ್ರಶ್ನೆ. ಏರಿಳಿತ ಬಿಟ್ಟು ಸಮತೋಲದ ಮಟ್ಟ ಎಲ್ಲಿದೆ ಎಂದು ಸಮೀಕರಣವನ್ನೇ ಕೇಳಿದರೆ ಸಿಗುವ ಉತ್ತರ ಚಿಕ್ಕದು: 600 ಗುಣಿಸು, 10ನ್ನು 0.2ರಿಂದ ಭಾಗಿಸಿ ಬಂದದ್ದರ ಸ್ವಾಭಾವಿಕ ಲಾಗರಿದಮ್. 50ರ ಲಾಗರಿದಮ್ 3.91, ಹಾಗಾಗಿ ಸುಮಾರು 2,347. ಈ ಸೂತ್ರದೊಳಗೆ ಯಾವ ಅಂಕಿ ಎಲ್ಲಿ ಕೂತಿದೆ ನೋಡಿ. ಸಾವಿನ ದರ ಲಾಗರಿದಮ್‌ನ ಒಳಗೆ ಕೂತಿದೆ, ಅಲ್ಲಿ ದೊಡ್ಡ ಬದಲಾವಣೆಯೂ ಸಣ್ಣದಾಗಿಬಿಡುತ್ತದೆ. ಅದನ್ನು ಕಾಯಂ ಆಗಿ ಎರಡು ಪಟ್ಟು ಮಾಡಿದರೂ, 0.4 ಇಟ್ಟರೂ, ಉತ್ತರ 1,931. ನೂರಕ್ಕೆ ಹದಿನೆಂಟು ಇಳಿತ. 600 ಮಾತ್ರ ಲಾಗರಿದಮ್‌ನ ಹೊರಗೆ, ನೇರ ಗುಣಕವಾಗಿ ಕೂತಿದೆ. ಆ 600 ಎಂದರೆ ಪಂಜರದಲ್ಲಿ ಅರ್ಧ ಗ್ರಾಂ ಲಿವರ್, ಊರಿನಲ್ಲಿ ನೊಣದ ಪಾಲಿಗೆ ಸಿಗುವ ಹೊಲಸು. ಅದನ್ನು ಅರ್ಧ ಮಾಡಿದರೆ ನೊಣವೂ ಅರ್ಧ. ಏರಿಳಿತ ಇರಲಿ ಬಿಡಲಿ, ಶಿಖರವೂ ಅರ್ಧ, ತಗ್ಗೂ ಅರ್ಧ, ಇಡೀ ಗೆರೆಯೇ ಅರ್ಧಕ್ಕೆ ಇಳಿಯುತ್ತದೆ. ಹಾಳೆಯಲ್ಲಿ 600ನ್ನು 300 ಮಾಡಿ ಪರೀಕ್ಷಿಸಿ. ಆರಂಭದ 500ನ್ನೂ 250 ಮಾಡಿದರೆ ಪ್ರತಿ ಸಾಲೂ ಕರಾರುವಾಕ್ಕಾಗಿ ಅರ್ಧ ಬರುತ್ತದೆ.

ಕೋಳಿ ಅಂಗಡಿಯ ಕರುಳು, ರೆಕ್ಕೆ, ತಲೆಗಳನ್ನು ಚೀಲದಲ್ಲಿ ಕಟ್ಟಿ ರಾತ್ರಿ ಗಟಾರಕ್ಕೋ ಊರ ಹೊರಗಿನ ಹಳ್ಳಕ್ಕೋ ಎಸೆಯುವ ಕಡೆ ಹೊಗೆಗೆ ಖರ್ಚು ಮಾಡುವ ಹಣವನ್ನು ಆ ಚೀಲ ಎತ್ತುವ ಗಾಡಿಗೆ ಹಾಕಬೇಕು ಎನ್ನಲು ನಮ್ಮ ಗಣಿತದ ಆಧಾರ ಇಷ್ಟೇ, ಆದರೆ ಗಟ್ಟಿ. ಎತ್ತುವುದಕ್ಕೂ ಒಂದು ಗಡಿಯಾರವಿದೆ. ಬೆಚ್ಚನೆಯ ದಿನಗಳಲ್ಲಿ ತತ್ತಿ ಒಂದು ದಿನದೊಳಗೆ ಒಡೆಯುತ್ತದೆ. ಹುಳ ನಾಲ್ಕೈದು ದಿನ ತಿಂದು ಕೊಬ್ಬಿ, ಆಹಾರ ಬಿಟ್ಟು ಹರಿದುಹೋಗಿ ಒಣ ಮಣ್ಣು ಹುಡುಕಿ ಕೋಶ ಕಟ್ಟುತ್ತದೆ. ಅದು ಹರಿದುಹೋಗುವ ಮೊದಲು ಚೀಲ ಎತ್ತಿದರೆ ಒಂದು ಪಾಳಿಯೇ ಗಾಡಿಯಲ್ಲಿ ಹೋಯಿತು. ಎಂಟು ದಿನಕ್ಕೊಮ್ಮೆ ಎತ್ತಿದರೆ ಗಾಡಿಯಲ್ಲಿ ಹೋಗುವುದು ಮೂಳೆ, ಹುಳ ಅಲ್ಲೇ ಮಣ್ಣಿನಲ್ಲಿ ಉಳಿಯಿತು. ವಾರಕ್ಕೆ ಎರಡು ಸಲಕ್ಕಿಂತ ಕಡಿಮೆ ಎತ್ತಿದರೆ ಎತ್ತಿದ್ದರ ಫಲ ಬಹಳಷ್ಟು ಕೈತಪ್ಪುತ್ತದೆ.

ಪಂಜರದ ಅಂಕಿಗಳನ್ನು ಹಾಗೆಯೇ ಬೆಳಗಾವಿಗೆ ತಂದು ಅಂಟಿಸಬಾರದು ಎಂಬುದನ್ನೂ ಹೇಳಬೇಕು. ಊರು ಮುಚ್ಚಿದ ಪಂಜರವಲ್ಲ, ನೊಣ ಹಾರಿಬರುತ್ತದೆ, ಹಾರಿಹೋಗುತ್ತದೆ. ಜಾತಿ ಒಂದೇ ಅಲ್ಲ. ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ ಬೆಳವಣಿಗೆ ನಿಧಾನ, ವಿಜಯಪುರದ ಬಿಸಿಲಿನಲ್ಲಿ ಬೇಗ, ಏಪ್ರಿಲ್ ಮೇ ತಿಂಗಳ ನೆತ್ತಿ ಸುಡುವ ಬಿಸಿಲಿನಲ್ಲಿ ಸಣ್ಣ ಮಾಂಸದ ತುಣುಕು ಹುಳ ಬೆಳೆಯುವ ಮೊದಲೇ ಒಣಗಿ ಹಲ್ಲಿಗೆ ಸಿಗದಂತಾಗುತ್ತದೆ. ಹಾಗಾಗಿ 15 ದಿನ ಎಂಬ ವಿಳಂಬ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಉಷ್ಣತೆಯ ಲೆಕ್ಕ ಹಾಕುವವರು ದಿನಗಳನ್ನು ಎಣಿಸುವ ಬದಲು ಒಂದು ಕನಿಷ್ಠ ಮಟ್ಟಕ್ಕಿಂತ ಮೇಲಿನ ಉಷ್ಣತೆಯನ್ನು ದಿನದಿನ ಕೂಡಿಸುತ್ತಾ ಹೋಗುತ್ತಾರೆ. ಶವದ ಮೇಲಿನ ಹುಳ ನೋಡಿ ಸಾವಿನ ಸಮಯ ಅಂದಾಜಿಸುವ ವಿಧಿವಿಜ್ಞಾನಿಗಳು ಮಾಡುವುದೂ ಇದನ್ನೇ. ಮಾದರಿಯ ಅಂಕಿ ಬದಲಾಗುತ್ತದೆ. ಸಾವಿನ ದರ ಲಾಗರಿದಮ್‌ನ ಒಳಗೂ ಆಹಾರ ಹೊರಗೂ ಇರುವುದು ಬದಲಾಗುವುದಿಲ್ಲ.

ಏರಿಳಿತಕ್ಕೆ ವಿಳಂಬವೊಂದೇ ಸಾಲದು ಎಂಬುದೂ ಇದೇ ಸಮೀಕರಣದಿಂದ ಗೊತ್ತಾಗುತ್ತದೆ. ಹುಟ್ಟಿನ ದರ ಸಾವಿನ ದರದ 7.39 ಪಟ್ಟಿಗಿಂತ ಕೆಳಗಿದ್ದರೆ ವಿಳಂಬ ಎಷ್ಟೇ ಇರಲಿ, ಸಂಖ್ಯೆ ಕೊನೆಗೆ ನಿಲ್ಲುತ್ತದೆ. ಪಂಜರದಲ್ಲಿ ಅದು 50 ಪಟ್ಟು. ಆ 50 ಪಟ್ಟಿಗೆ ವಿಳಂಬ ಸುಮಾರು 3.5 ದಿನ ದಾಟಿದರೆ ಸಾಕು, ತೂಗಾಟ ಶುರು. ನಿಜವಾದ ವಿಳಂಬ 15. ಇನ್ನೊಂದು ತುದಿಯಲ್ಲಿ ನೊಣ ಪೂರ್ತಿ ಅಳಿಯಬೇಕಾದರೆ ಹುಟ್ಟು ಸಾವಿಗಿಂತ ಕೆಳಗೆ ಬರಬೇಕು, ಅಂದರೆ ನೂರು ತತ್ತಿಯಲ್ಲಿ ತೊಂಬತ್ತೆಂಟನ್ನು ತಡೆಯಬೇಕು. ‘ನೊಣಮುಕ್ತ ನಗರ’ ಎಂಬ ಫಲಕ ಬರೆಸುವ ಮೊದಲು ಈ ತೊಂಬತ್ತೆಂಟನ್ನು ನೆನೆಯುವುದು ಒಳ್ಳೆಯದು.

ಹಾಳೆ ಮಾಡುವ ಕಾಲೇಜು ಹುಡುಗರಿಗೆ ಒಂದು ಎಚ್ಚರಿಕೆ. ಕೆಲಸ ಉಳಿಸಲು ಒಂದು ಸಾಲಿಗೆ ಒಂದು ವಾರ ಎಂದು ಇಟ್ಟುಕೊಂಡು ಸಾವಿನ 0.2ನ್ನು 7ರಿಂದ ಗುಣಿಸಬೇಡಿ. 1.4 ಬರುತ್ತದೆ, ಇದ್ದದ್ದಕ್ಕಿಂತ ಹೆಚ್ಚು ಸತ್ತು ನೊಣ ಋಣ ಸಂಖ್ಯೆಗೆ ಇಳಿಯುತ್ತದೆ. ಅದು ನೊಣದ ತಪ್ಪಲ್ಲ. ಒಂದು ದಿನದ ಹೆಜ್ಜೆಯಲ್ಲೂ ಸಣ್ಣ ದೋಷ ಉಳಿದೇ ಇರುತ್ತದೆ, ದಿನಕ್ಕೆ 0.8 ಉಳಿಯುತ್ತದೆ ಎಂದೆವು, ನಿಜಕ್ಕೆ 0.819. ದಿನವನ್ನು ಹತ್ತು ಭಾಗ ಮಾಡಿ ವಿಳಂಬಕ್ಕೆ 150 ಸಾಲು ಹಿಂದೆ ನೋಡಿದರೆ ಅದೂ ಹೆಚ್ಚುಕಡಿಮೆ ಹೋಗುತ್ತದೆ.

ಎಣಿಕೆಯ ವಿಷಯ ಇದಕ್ಕಿಂತ ಮುಖ್ಯ, ಏಕೆಂದರೆ ತಪ್ಪು ಎಣಿಕೆಗೆ ಯಾವ ಗಣಿತವೂ ಮದ್ದಲ್ಲ. ಸುತ್ತು 38 ದಿನದ್ದು ಎಂದುಕೊಳ್ಳಿ. ತಿಂಗಳಿಗೊಮ್ಮೆ, 30 ದಿನಕ್ಕೊಮ್ಮೆ ಎಣಿಸಿದರೆ ಕಾಗದದ ಮೇಲೆ ಕಾಣುವ ಸುತ್ತು ಸುಮಾರು 142 ದಿನದ್ದು! ತಿರುಗುವ ಫ್ಯಾನಿನ ರೆಕ್ಕೆ ಕೆಲವೊಮ್ಮೆ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುವ ಹಾಗೆ. ಐದು ತಿಂಗಳ ಆಸುಪಾಸಿನ ಆ ಸುಳ್ಳು ಸುತ್ತನ್ನು ನೋಡಿ ಯಾರಾದರೂ ಮಳೆಗಾಲ, ಚಳಿಗಾಲ ಎಂದು ವಿವರಣೆ ಬರೆದುಬಿಡುತ್ತಾರೆ. ಎರಡು ದಿನಕ್ಕೊಮ್ಮೆ ಎಣಿಸುವುದು ಒಳ್ಳೆಯದು, ವಾರಕ್ಕೊಮ್ಮೆಗಿಂತ ಕಡಿಮೆ ಬೇಡ.

ಎಣಿಸಲು ದುಬಾರಿ ಉಪಕರಣ ಬೇಕಿಲ್ಲ. ಸ್ಕಡರ್ ಗ್ರಿಲ್ ಎಂಬುದು ಮೂರು ಅಡಿ ಉದ್ದದ ತೆಳ್ಳನೆ ಮರದ ಪಟ್ಟಿಗಳನ್ನು ಸಂದು ಬಿಟ್ಟು ಮೊಳೆ ಹೊಡೆದ ಚೌಕ. ಬಡಗಿಯೊಬ್ಬ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ನೊಣ ಮುತ್ತಿದ ಜಾಗದ ಮೇಲೆ ಅದನ್ನಿಟ್ಟರೆ ನೊಣ ಒಮ್ಮೆ ಎದ್ದು ಪಟ್ಟಿಯ ಅಂಚಿಗೆ ಬಂದು ಕೂರುತ್ತವೆ. 30 ಸೆಕೆಂಡಿನಲ್ಲಿ ಕೂತವನ್ನು ಎಣಿಸಿ. ಅದೇ ಪ್ರದೇಶದಲ್ಲಿ ಹತ್ತು ಕಡೆ ಎಣಿಸಿ, ಹೆಚ್ಚಿನ ಐದರ ಸರಾಸರಿ ಬರೆದಿಡಿ. ಎಣಿಸುವ ಹೊತ್ತು ಪ್ರತಿ ಸಲ ಒಂದೇ ಇರಲಿ. ಬೆಳಗಿನ ಎಂಟಕ್ಕೂ ಮಧ್ಯಾಹ್ನದ ಎರಡಕ್ಕೂ ಹೋಲಿಕೆ ಸಲ್ಲದು. ಹಸಿರು, ನೀಲಿ ನೊಣ ಬೇರೆ ಕಾಲಂ, ಮನೆನೊಣ ಬೇರೆ ಕಾಲಂ. ಗಾಳಿ, ಮೋಡ, ಆ ದಿನ ಸಂತೆಯೋ ಅಲ್ಲವೋ ಅದನ್ನೂ ಪಕ್ಕಕ್ಕೆ ಗುರುತು ಹಾಕಿ. ಲಿವರ್ ಇಟ್ಟ ಬಾಟಲಿ ಬಲೆಯನ್ನೂ ಬಳಸಬಹುದು, ಆದರೆ ಅದು ಮೋಸ ಮಾಡುತ್ತದೆ: ಊರಲ್ಲಿ ಮಾಂಸ ಕಡಿಮೆಯಾದ ದಿನ ಹಸಿದ ಹೆಣ್ಣುಗಳೆಲ್ಲ ಬಾಟಲಿಗೇ ಬಂದು, ಸಂಖ್ಯೆ ಹೆಚ್ಚಾದಂತೆ ತೋರುತ್ತದೆ. ಅಮಾವಾಸ್ಯೆ, ಶ್ರಾವಣದ ದಿನಗಳ ಎಣಿಕೆಯನ್ನು ಈ ಕಣ್ಣಿನಿಂದ ನೋಡಬೇಕು.

ಹೊಗೆಗೆ ಫಲ ಇದೆಯೇ ಎಂದು ನಿಜಕ್ಕೂ ತಿಳಿಯಬೇಕಿದ್ದರೆ ಒಂದೇ ದಾರಿ. ಎರಡು ಸರಿಸಮ ಬಡಾವಣೆ ಆರಿಸಿ, ಒಂದಕ್ಕೆ ಮಾತ್ರ ಹಾಕಿ, ಎರಡರಲ್ಲೂ ಎರಡು ತಿಂಗಳು ಎಣಿಸಿ. ಎಂಟು ದಿನದ ಎಣಿಕೆಯಲ್ಲಿ ಸಿಗುವುದು ಇಳಿಯುವ ಗೆರೆ ಮಾತ್ರ, ಮರಳಿ ಏರುವ ಗೆರೆ ಅದರ ಆಚೆಗಿದೆ.

ಕುರಿಗಾರರಿಗೆ ಈ ಲೆಕ್ಕ ಇನ್ನೂ ಹತ್ತಿರದ್ದು. ಅಮೀನಗಡದ ಸಂತೆಗೆ ಬರುವ ಕುರಿಗಳಲ್ಲಿ ಕೊಂಬಿನ ಬುಡ, ಕಿವಿ, ಕೂದಲು ಕತ್ತರಿಸಿದಾಗ ಆದ ಗೀರು, ಹೊಸದಾಗಿ ಈದ ಮರಿಯ ಹೊಕ್ಕುಳು ಹುಳ ಬೀಳುವ ಜಾಗಗಳು. ನಮ್ಮಲ್ಲಿ ಜೀವಂತ ಗಾಯಕ್ಕೆ ತತ್ತಿ ಇಡುವ ಮುಖ್ಯ ಜಾತಿ ಕ್ರೈಸೊಮಿಯಾ ಬೆಜಿಯಾನಾ. ಒಂದು ಸಲಕ್ಕೆ ನೂರೈವತ್ತರ ಸುಮಾರು ತತ್ತಿ ಗಾಯದ ಅಂಚಿಗೆ ಒತ್ತೊತ್ತಾಗಿ ಅಂಟಿಸುತ್ತದೆ. ದಿನ ಕಳೆಯುವುದರೊಳಗೆ ಒಡೆದು, ಹುಳ ತಲೆ ಕೆಳಗಾಗಿ ಮಾಂಸದೊಳಗೆ ಇಳಿಯುತ್ತದೆ, ಆರೇಳು ದಿನಕ್ಕೆ ಕೊಬ್ಬಿ ನೆಲಕ್ಕೆ ಬೀಳುತ್ತದೆ, ಹಟ್ಟಿಯ ಮಣ್ಣಿನಲ್ಲೇ ಕೋಶ ಕಟ್ಟುತ್ತದೆ. ಗಾಯಕ್ಕೆ ಟರ್ಪೆಂಟೈನ್ ಹನಿಸಿ, ಸೀತಾಫಲದ ಎಲೆ ಅರೆದು ಹಚ್ಚಿ ಹುಳ ಹೊರಬೀಳಿಸುವ ರೂಢಿ ಇದೆ. ಹೊರಬಿದ್ದ ಹುಳವನ್ನು ಅಲ್ಲೇ ನೆಲಕ್ಕೆ ಬಿಟ್ಟರೆ ಕೊಬ್ಬಿದ ಹುಳ ಸಾಯದೆ ಕೋಶವಾಗುತ್ತದೆ. ಚಿಮಟದಿಂದ ತೆಗೆದು ಸೀಮೆಎಣ್ಣೆಯ ಡಬ್ಬಿಗೆ ಹಾಕಿ, ಎಣಿಸಿ ಬರೆದಿಟ್ಟರೆ ಇನ್ನೂ ಚೆನ್ನ. ಹೊಲದಲ್ಲಿ ಕುರಿ ತರುಬುವವರು ಎರಡು ಮೂರು ರಾತ್ರಿಗೆ ಜಾಗ ಬದಲಿಸುವುದರಿಂದ ಕೋಶದಿಂದ ಬಂದ ನೊಣಕ್ಕೆ ಹತ್ತಿರದಲ್ಲಿ ಕುರಿ ಇರುವುದಿಲ್ಲ. ಮಳೆಗಾಲದಲ್ಲಿ ಒಂದೇ ಹಟ್ಟಿಯಲ್ಲಿ ತಿಂಗಳುಗಟ್ಟಲೆ ನಿಂತಾಗಲೇ ತೊಂದರೆ ಹೆಚ್ಚು.

ಇದರ ಅಮೆರಿಕದ ಬಂಧು, ಅಲ್ಲಿನ ಗಾಯದ ನೊಣವನ್ನು, ಔಷಧವಿಲ್ಲದೆ ಗಣಿತದಿಂದ ಸೋಲಿಸಿದ ಉದಾಹರಣೆಯೂ ಇದೆ. ಅಲ್ಲಿನ ಕೀಟಶಾಸ್ತ್ರಜ್ಞ ಎಡ್ವರ್ಡ್ ನಿಪ್ಲಿಂಗ್‌ನ ಲೆಕ್ಕ ಮೂರನೇ ಇಯತ್ತೆಯ ಭಾಗಾಕಾರದಷ್ಟೇ ಸರಳ: ಬಂಜೆ ಗಂಡಿನ ಜೊತೆ ಕೂಡಿದ ಹೆಣ್ಣಿನ ತತ್ತಿ ಒಡೆಯದು, ಹಾಗಾಗಿ ಹತ್ತು ಲಕ್ಷ ಹೆಣ್ಣು ನೊಣ ಇರುವಲ್ಲಿ ಪ್ರತಿ ಪೀಳಿಗೆಗೂ ಇಪ್ಪತ್ತು ಲಕ್ಷ ಬಂಜೆ ಗಂಡುಗಳನ್ನು ಬಿಟ್ಟರೆ ಮುಂದಿನ ಪೀಳಿಗೆ 3,33,333, ಆಮೇಲೆ 47,619, ಆಮೇಲೆ 1,107, ಆಮೇಲೆ ಒಂದೂ ಇಲ್ಲ. ನೊಣ ಕಡಿಮೆಯಾದಂತೆ ಔಷಧ ಸೋಲುತ್ತದೆ. ಇದು ಕಡಿಮೆಯಾದಂತೆ ಗೆಲ್ಲುತ್ತದೆ. 1954ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದಲ್ಲಿ ವಿಕಿರಣದಿಂದ ಬಂಜೆ ಮಾಡಿದ ನೊಣ ಬಿಟ್ಟು ಕೆಲವೇ ತಿಂಗಳಲ್ಲಿ ಅದನ್ನು ಅಳಿಸಿದರು. ಆದರೆ ಅದು ದ್ವೀಪ, ಜೊತೆಗೆ ಕೋಟಿಗಟ್ಟಲೆ ನೊಣ ಸಾಕುವ ಕಾರ್ಖಾನೆ ಬೇಕು. ನಮ್ಮ ಮೂರು ಜಿಲ್ಲೆಗೆ ಇದನ್ನು ಸೂಚಿಸುತ್ತಿಲ್ಲ. ಅಲ್ಲದೆ ನಿಪ್ಲಿಂಗ್‌ನ ಈ ಪಟ್ಟಿಯಲ್ಲಿ ಉಳಿದವುಗಳಿಗೆ ತುತ್ತು ದೊಡ್ಡದಾಗುವ ಲೆಕ್ಕ ಸೇರಿಲ್ಲ. ಅದನ್ನು ಸೇರಿಸಿದರೆ ಬಿಡಬೇಕಾದ ಗಂಡುಗಳ ಸಂಖ್ಯೆ ಏರುತ್ತದೆ.

ಕೊನೆಗೊಂದು ತಾಂತ್ರಿಕ ಮಾತು, ಔಷಧ ಖರೀದಿಸುವವರ ಗಮನಕ್ಕೆ. ನಿಕೊಲ್ಸನ್‌ನ ಪಂಜರದಲ್ಲಿ ಒಂದು ವರ್ಷ ದಾಟಿದ ಮೇಲೆ ಆ ಅಂದದ ಏರಿಳಿತ ಕೆಟ್ಟು ಅಡ್ಡಾದಿಡ್ಡಿಯಾಯಿತು. 1988ರಲ್ಲಿ ಅದೇ ಅಂಕಿಗಳನ್ನು ಮತ್ತೆ ಬಿಡಿಸಿದವರು ಕಂಡದ್ದು, ನೊಣಗಳೇ ಬದಲಾಗಿದ್ದವು: ಕಡಿಮೆ ಪ್ರೋಟೀನಿನಲ್ಲೂ ತತ್ತಿ ಇಡಬಲ್ಲ ತಳಿ ಉಳಿದುಕೊಂಡಿತ್ತು. ಹಸಿವಿಗೆ ವರ್ಷದಲ್ಲಿ ಹೊಂದಿಕೊಳ್ಳುವ ಜೀವಿ ವಿಷಕ್ಕೂ ಹೊಂದಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಕುರಿ ನೊಣ 1960ರ ದಶಕದಲ್ಲೇ ಡಯಾಜಿನಾನ್ ಎಂಬ ಕೀಟನಾಶಕಕ್ಕೆ ಬಗ್ಗದಂತಾಯಿತು. ಒಂದೇ ಔಷಧವನ್ನು ವರ್ಷಾನುವರ್ಷ ತರಿಸುವಾಗ ಅದು ಏರಿಸಿದ ಸಾವಿನ ದರ ಹಾಗೇ ನಿಲ್ಲುತ್ತದೆ ಎಂದು ನಂಬಿಕೊಳ್ಳುವಂತಿಲ್ಲ.

ತಮ್ಮಲ್ಲಿ ಒಂದು ವಿನಂತಿ. ನೊಣ ಇಳಿಯಿತು ಎಂಬ ಸುದ್ದಿಯ ಜೊತೆ ಎಣಿಸಿದ ತಾರೀಖು, ಎಣಿಸಿದ ವಿಧಾನ, ಅದಕ್ಕಿಂತ 15 ದಿನ ಹಿಂದಿನ ಎಣಿಕೆ, ಹೊಗೆ ಹಾಕದ ಒಂದು ಓಣಿಯ ಎಣಿಕೆ ಈ ನಾಲ್ಕನ್ನೂ ವರದಿಗಾರರು ಕೇಳಿ ಬರೆಯಲಿ. ಅಂಕಿ ಸಿಗದಿದ್ದರೆ ‘ಎಣಿಸಿಲ್ಲ’ ಎಂದೇ ಅಚ್ಚಾಗಲಿ.

ಇಂತಿ,
ಗಣಿತ ಮತ್ತು ಪ್ರಾಣಿಶಾಸ್ತ್ರದ ಕೆಲವು ಅಧ್ಯಾಪಕರು
ಬಾಗಲಕೋಟೆ, ವಿಜಯಪುರ